ಒಂದು ‘ಐ’ ಕಡಿಮೆಯಾದರೆ

ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಡೇವಿಡ್‌ಸನ್, ಬೆಲ್ ಮತ್ತು ಏಟ್ಕೆನ್ ಸೇರಿ ಬರೆದ ಲೇಖನಮಾಲೆ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ಲಿನಲ್ಲಿ ಕಂತುಕಂತಾಗಿ ಬಂತು. ಮೂವರೂ ಸರ್ಕಾರಿ ನೌಕರರು. ಒಬ್ಬರು ಕಲೆಕ್ಟರ್, ಒಬ್ಬರು ಅರಣ್ಯಾಧಿಕಾರಿ, ಒಬ್ಬರು ಸುಂಕ ಮತ್ತು ಉಪ್ಪಿನ ಇಲಾಖೆಯವರು. ಬೆಲ್ ಅವರಂತೂ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ತೀರಿಕೊಂಡರು. ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ ಎಂದು ಸಾಕಿ ನೋಡಿ ಬರೆದ ಅವರ ಬರಹವನ್ನು ನಾನು ಒಳ್ಳೆಯ ಗದ್ಯವೆಂದೇ ಓದುತ್ತೇನೆ. ಹಾಗೆ ಓದುವಾಗಲೇ ಒಂದು ಪ್ರಶ್ನೆ ಕಾಡುತ್ತದೆ. ಇಂಥ ಹಳೆಯ ವಿಜ್ಞಾನ ಬರಹದಲ್ಲಿ ಅಚ್ಚಿನ ತಪ್ಪು ಸಿಕ್ಕರೆ ತಿದ್ದಬೇಕೆ, ಬಿಡಬೇಕೆ?

ಏಟ್ಕೆನ್ ಅವರ ಹೆಸರನ್ನೇ ನೋಡಿ. ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾ ಯಾಕೆ ಹೆಚ್ಚೆಂದು ಹುಡುಕುತ್ತಿದ್ದಾಗ ಅವರಿಗೊಂದು ಹೊಸ ಸೊಳ್ಳೆ ಸಿಕ್ಕಿತು. 1903ರಲ್ಲಿ ಜೇಮ್ಸ್ ಅದಕ್ಕೆ ‘ಅನಾಫಿಲಿಸ್ ಏಟ್ಕೆನಿಐ’ ಎಂದು ಹೆಸರಿಟ್ಟರು. ಕೊನೆಯಲ್ಲಿ ಎರಡು ‘ಐ’. ಮುಂದಿನವರು ಎಷ್ಟೋ ಕಡೆ ಒಂದೇ ‘ಐ’ ಉಳಿಸಿದರು. ಪ್ರಾಣಿಶಾಸ್ತ್ರದ ನಿಯಮದ ಪ್ರಕಾರ ಮೊದಲು ಅಚ್ಚಾದದ್ದೇ ಸರಿ. ಬೇಕೆಂದೇ ಒಂದನ್ನು ಕಳೆದರೂ ಅದು ತಪ್ಪೇ. ತಿದ್ದಿದೆವೆಂದುಕೊಂಡವರೇ ಇಲ್ಲಿ ಕೆಡಿಸಿದವರು.

ಅಂಕೋಲೆಗೆ ಬಂದರೆ ನ್ಯಾಯ ತಿರುಗುಮುರುಗು. ಊರಿಗೆ ಹೆಸರು ಕೊಟ್ಟಿತೆಂದು ಹೇಳುವ ಅಂಕೋಲೆ ಗಿಡ ಹಳೆಯ ಎಷ್ಟೋ ಪುಸ್ತಕಗಳಲ್ಲಿ ‘ಅಲಾಂಜಿಯಂ ಸಾಲ್ವಿಫೋಲಿಯಂ’. ಈಗ ಬರೆಯುವುದು ‘ಸಾಲ್ವಿಇಫೋಲಿಯಂ’, ಒಂದು ‘ಐ’ ಹೆಚ್ಚು. ಸಸ್ಯಶಾಸ್ತ್ರದ ನಿಯಮ ಲ್ಯಾಟಿನ್ ಸಮಾಸದ ಇಂಥ ತಪ್ಪನ್ನು ತಿದ್ದಲೇಬೇಕು ಎನ್ನುತ್ತದೆ. ಒಂದೇ ಅಕ್ಷರ, ಸೊಳ್ಳೆಗೊಂದು ಕಾನೂನು, ಗಿಡಕ್ಕೊಂದು ಕಾನೂನು.

ಮೂರನೆಯದು ಯಾರೂ ತಿದ್ದಲಾಗದ ತಪ್ಪು. ನಮ್ಮ ಜಿಲ್ಲೆಯ ಹೆಸರು ಹೊತ್ತ ಚಿಟ್ಟೆಯೊಂದಿದೆ: ‘ಕಾಲ್ಟೊರಿಸ್ ಕೆನರೈಕಾ’. ‘ಕನ್ನಡ’ ಪರದೇಶಿ ನಾಲಗೆಯಲ್ಲಿ ‘ಕೆನರಾ’ ಆಯಿತು. ಕೆನರಾ ಹೋಗಿ ಉತ್ತರ ಕನ್ನಡ ಬಂದರೂ ಚಿಟ್ಟೆ ಕೆನರೈಕಾ ಆಗಿಯೇ ಹಾರುತ್ತಿದೆ. ಲೇಖಕನ ಕೈ ಜಾರಿದ್ದಕ್ಕೆ ಅಥವಾ ಅಚ್ಚಿನ ಮೊಳೆ ತಪ್ಪಿದ್ದಕ್ಕೆ ಮೂಲ ಪ್ರಕಟಣೆಯ ಒಳಗೇ ಸ್ಪಷ್ಟ ಸಾಕ್ಷಿ ಇದ್ದರೆ ಮಾತ್ರ ತಿದ್ದಬಹುದು. ಲಿಪ್ಯಂತರ ಕೆಟ್ಟಿದೆ ಎಂಬುದು ತಿದ್ದುವುದಕ್ಕೆ ಕಾರಣವಲ್ಲ ಎನ್ನುತ್ತದೆ ನಿಯಮ. ನನಗೆ ಇದು ಒಪ್ಪಿಗೆ. ಆ ತಪ್ಪೂ ಚರಿತ್ರೆಯೇ.

ಈ ವಿವೇಕ ನಮಗೆ ಹೊಸದಲ್ಲ. ಓಲೆಗರಿಯ ಲಿಪಿಕಾರ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಕೈಮುಗಿದು ಬೇಡುತ್ತಿದ್ದ. ಡಿ.ಎಲ್. ನರಸಿಂಹಾಚಾರ್ಯರಂಥವರು ಕಲಿಸಿದ ಗ್ರಂಥಸಂಪಾದನೆ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿತು, ಒರೆಸಿಹಾಕಲಿಲ್ಲ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಇರುತ್ತಿತ್ತು: ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಎರಡೂ ಕಣ್ಣೆದುರು.

ಈಗ ಹಳೆಯ ಜರ್ನಲ್ಲುಗಳು ಸ್ಕ್ಯಾನ್ ಆಗಿ ಬರುತ್ತಿವೆ. ಮಸುಕಾದ ಪುಟದಲ್ಲಿ ಎರಡು ‘ಐ’ ಯಂತ್ರದ ಕಣ್ಣಿಗೆ ಒಂದು ‘ಯು’ ಆಗಿಬಿಡಬಹುದು. ಒಂದು ಕಾಗುಣಿತದಲ್ಲಿ ಹುಡುಕಿದವನಿಗೆ ಇನ್ನೊಂದರಲ್ಲಿ ಬರೆದದ್ದು ಸಿಗುವುದಿಲ್ಲ. ಯಾರೋ ಕಾಡು ಅಲೆದು ನೋಡಿದ್ದು ನೋಡಿಯೇ ಇಲ್ಲವೆಂಬಂತಾಗುತ್ತದೆ. ಆದ್ದರಿಂದ ತಿದ್ದುಪಡಿ ಬೇಕೇ ಬೇಕು, ಸದ್ದಿಲ್ಲದ ತಿದ್ದುಪಡಿ ಮಾತ್ರ ಬೇಡ. ಮರುಮುದ್ರಿಸುವವರು ಮೂಲವನ್ನು ಇದ್ದಂತೆಯೇ ಇಡಲಿ, ಪಕ್ಕದಲ್ಲಿ ತಮ್ಮ ಒಪ್ಪನ್ನೂ ಅದರ ಕಾರಣವನ್ನೂ ಬರೆಯಲಿ. ನಾಳೆ ಅವರದೇ ತಪ್ಪೆಂದು ತೋರಿಸಲು ಬರುವವನಿಗೂ ಸ್ವಲ್ಪ ಜಾಗ ಬಿಟ್ಟಿರಲಿ.