ತೀರ್ಪಿಲ್ಲದ ಕಥೆಯೂ ವಾಚಕನೂ

ಜಪಾನಿನ ಆಕುತಾಗಾವ ರ್‍ಯೂನೊಸುಕೆಯು 1922ರಲ್ಲಿ ಪ್ರಕಟಿಸಿದ ‘ಯಾಬು ನೊ ನಾಕ’, ಎಂದರೆ ‘ಮೆಳೆಯೊಳಗೆ’, ಎಂಬ ಸಣ್ಣಕಥೆಯನ್ನು ಓದಿ ಮುಗಿಸಿದವನಿಗೆ ಮೊದಲು ಉಂಟಾಗುವುದು ರಸಾನುಭವವಲ್ಲ, ಅಸಮಾಧಾನ. ಒಬ್ಬ ಸಮುರಾಯಿಯ ಮರಣವನ್ನು ಕುರಿತು ಏಳು ಹೇಳಿಕೆಗಳುಂಟು, ತೀರ್ಪಿಲ್ಲ. ವಿಚಾರಣೆ ನಡೆಸುವ ಅಧಿಕಾರಿಯ ಬಾಯಿಂದ ಒಂದು ಮಾತೂ ಹೊರಡದುದರಿಂದ ಆ ಪೀಠವು ವಾಚಕನ ಪಾಲಿಗೆ ಬರುತ್ತದೆ.

ಸುಳ್ಳುಗಾರನನ್ನು ಹಿಡಿದರೆ ಗಂಟು ಬಿಚ್ಚೀತೆಂದು ಅವನು ಹೊರಡುತ್ತಾನೆ. ಆದರೆ ಅಪರಾಧದಿಂದ ನುಣುಚಿಕೊಳ್ಳುವವರು ಇಲ್ಲಿಲ್ಲ. ಕೊಂದವನು ತಾನೆಂದು ದರೋಡೆಗಾರನೂ, ಕೊಂದವಳು ತಾನೆಂದು ಹೆಂಡತಿಯೂ ಒಪ್ಪಿಕೊಳ್ಳುತ್ತಾರೆ. ತನ್ನನ್ನು ತಾನೇ ಇರಿದುಕೊಂಡೆನೆಂದು ಸತ್ತವನು ಪೂಜಾರಿಣಿಯೊಬ್ಬಳ ಮೈಮೇಲೆ ಬಂದು ನುಡಿಯುತ್ತಾನೆ. ಕೊನೆಯದೆಂಬ ಕಾರಣದಿಂದಲೇ ಈ ಪ್ರೇತದ ಮಾತಿಗೆ ತೂಕ ಹೆಚ್ಚು. ಸತ್ತವನಿಗೆ ಸುಳ್ಳಿನಿಂದ ಲಾಭವೇನೆಂಬ ಭಾವನೆಯೂ ಅದಕ್ಕೆ ಸೇರುತ್ತದೆ. ಹೆಣದ ಬಳಿ ಮರಕಡಿಯುವವನಿಗೆ ಕಂಡುದು ಹಗ್ಗವೂ ಬಾಚಣಿಗೆಯೂ ಮಾತ್ರ, ಆಯುಧವಲ್ಲ. ಯಾರೋ ಮೆಲ್ಲನೆ ಬಂದು ಎದೆಯಲ್ಲಿ ನಾಟಿದ ಕಿರುಗತ್ತಿಯನ್ನು ಕಿತ್ತರೆಂದು ಪ್ರೇತವು ಹೇಳಿದೊಡನೆ ಆ ಕೊರತೆಯು ತುಂಬಿದಂತಾಗುತ್ತದೆ. ಕಿತ್ತ ಕೈ ಯಾರದು? ಕಥೆಯು ಅಲ್ಲಿಗೇ ನಿಲ್ಲುತ್ತದೆ.

1950ರಲ್ಲಿ ಕುರೋಸಾವ ಅಕಿರನು ‘ರಾಶೋಮೊನ್’ ಚಿತ್ರದಲ್ಲಿ ಮರಕಡಿಯುವವನಿಂದ ಮತ್ತೊಂದು ಹೇಳಿಕೆಯನ್ನು ಕೊಡಿಸಿ, ಕಿರುಗತ್ತಿಯ ಕಳವನ್ನು ಅವನ ಮೇಲೆ ಹೊರಿಸಿ, ಕಡೆಗೆ ಅನಾಥ ಶಿಶುವೊಂದನ್ನು ಅವನ ಕೈಗಿತ್ತು ಪ್ರೇಕ್ಷಕನನ್ನು ಸಂತೈಸಿದನು. ಚಿತ್ರವು ದೊಡ್ಡದೇ, ಆದರೂ ಆ ಸಾಂತ್ವನವು ಮೂಲಕ್ಕೆ ಸಲ್ಲದು. ಮೂಲದಲ್ಲಿ ಮರಕಡಿಯುವವನು ಎಲ್ಲರಿಗಿಂತ ಮೊದಲು ಮಾತನಾಡಿ ಹೋದವನು ಮರಳಿ ಬರುವುದಿಲ್ಲ. ಅವನನ್ನು ಶಂಕಿಸಬೇಕಾದರೆ ವಾಚಕನೇ ಮೊದಲ ಪುಟಕ್ಕೆ ಹಿಂದಿರುಗಬೇಕು.