ಹಳದಿಯ ರಹದಾರಿ

ವಿಕ್ಟರ್ ಹ್ಯೂಗೋ ಕವಿಯು 1862ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’ ಎಂಬ ಬೃಹತ್ಕಾದಂಬರಿಯನ್ನು ಓದಿದವರೆಲ್ಲರೂ, ಧರ್ಮಗುರು ಮಿರಿಯೆಲನು ಕಳ್ಳನಿಗೆ ಬೆಳ್ಳಿಯ ದೀಪಸ್ತಂಭಗಳನ್ನಿತ್ತ ಸಂದರ್ಭವನ್ನು ಕೊಂಡಾಡುವರು. ಅದು ಕೊಂಡಾಡತಕ್ಕುದೇ ಸರಿ. ಆದರೆ ಕಥೆಯ ಮರ್ಮವು ನಾಯಕನ ಬಳಿಯಿದ್ದ ಒಂದು ಹಳದಿಯ ಕಾಗದದಲ್ಲಿ ಅಡಗಿರುವುದೆಂದು ನಮಗೆ ತೋರುತ್ತದೆ.

ಜೀನ್ ವಾಲ್ಜೀನನು ಅಕ್ಕನ ಹಸಿದ ಮಕ್ಕಳಿಗಾಗಿ ರೊಟ್ಟಿ ಕದ್ದುದಕ್ಕೆ 5 ವರ್ಷ, ಸೆರೆಯಿಂದ ತಪ್ಪಿಸಿಕೊಳ್ಳಲೆತ್ನಿಸಿದುದಕ್ಕೆ 14 ವರ್ಷ, ಅಂತು 19 ವರ್ಷಗಳ ಸೆರೆಯನ್ನನುಭವಿಸಿ 1815ರಲ್ಲಿ ಹೊರಬರುವನು. ಅವನ ಕೈಗೆ ಬಂದುದು ಹಳದಿಯ ರಹದಾರಿ. ದಾರಿಯ ಊರುಗಳಲ್ಲಿ ಅದನ್ನು ಅಧಿಕಾರಿಗಳಿಗೆ ತೋರಿಸಬೇಕು. ಇವನು ಬಹಳ ಅಪಾಯಕಾರಿಯೆಂದು ಅದರಲ್ಲಿ ಬರೆದಿದೆ. ಕೈಯಲ್ಲಿ ಹಣವಿದ್ದರೂ ಅವನಿಗೆ ಊಟವಿಲ್ಲ, ಹಾಸಿಗೆಯಿಲ್ಲ. ನಾಯಿಯ ಗೂಡಿನಲ್ಲಿಯೂ ಎಡೆಯಿಲ್ಲ.

ಗುರುವಿನ ಕರುಣೆಯು ಅವನ ಮನಸ್ಸನ್ನು ತಿದ್ದಿತು, ಕಾಗದವನ್ನು ತಿದ್ದಲಿಲ್ಲ. ಅವನು ಮೊಂತ್ರೈ ಪಟ್ಟಣವನ್ನು ಹೊಕ್ಕ ಸಂಜೆ ಅಲ್ಲಿ ಬೆಂಕಿ ಬಿದ್ದಿತ್ತು. ಉರಿಯಲ್ಲಿ ನುಗ್ಗಿ ರಕ್ಷಕದಳದ ನಾಯಕನ ಇಬ್ಬರು ಮಕ್ಕಳನ್ನು ಉಳಿಸಿದ ಕಾರಣ, ಅವನ ರಹದಾರಿಯನ್ನು ಕೇಳಲು ಯಾರಿಗೂ ತೋಚಲಿಲ್ಲ. ಇದು ಕೇವಲ ಕಾಕತಾಳೀಯವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಕವಿಯ ಅಭಿಪ್ರಾಯವೇ ಅದು: ಕಾಗದವನ್ನು ನೋಡದಿದ್ದ ಊರು ಆತನನ್ನು ಪುರಾಧ್ಯಕ್ಷನನ್ನಾಗಿ ಮಾಡಿತು, ನೋಡಿದ್ದರೆ ಬಾಗಿಲಿನಿಂದಲೇ ಅಟ್ಟುತ್ತಿತ್ತು. ಮುಂದೆ ತನ್ನ ಹೆಸರಿನಲ್ಲಿ ಮತ್ತೊಬ್ಬನು ದಂಡನೆಗೊಳಗಾಗುವಾಗ ಅವನೇ ನ್ಯಾಯಸ್ಥಾನದಲ್ಲಿ ನಿಜವನ್ನೊಪ್ಪುವನು. ಆ ಸತ್ಯಕ್ಕೆ ದೊರೆತ ಫಲವು ಮರಳಿ ಸಂಕೋಲೆ!

ನಮ್ಮ ಪ್ರಾಚೀನರಿಗೆ ರಹದಾರಿಯು ಹೊಸತಲ್ಲ. ಜನಪದವನ್ನು ಹೊಗಲು, ಬಿಡಲು ಮುದ್ರಾಧ್ಯಕ್ಷನಿಂದ ಒಂದು ಮಾಷಕಕ್ಕೆ ಮುದ್ರೆ ಪಡೆಯಬೇಕೆಂದು ಕೌಟಿಲ್ಯನು ವಿಧಿಸುವನು. ‘ಮುದ್ರಾರಾಕ್ಷಸ’ದ ಐದನೆಯ ಅಂಕದಲ್ಲಿ ಸಿದ್ಧಾರ್ಥಕನು ಮುದ್ರೆಯಿಲ್ಲದೆ ಪಾಳೆಯದಿಂದ ಹೊರಟು ಸಿಕ್ಕಿಬೀಳುವನು. ಅಲ್ಲಿನ ಪ್ರಶ್ನೆ ಅನುಮತಿಯುಂಟೇ ಎಂಬುದು; ಹಳದಿಯ ಕಾಗದದ ಪ್ರಶ್ನೆ, ನೀನು ಹಿಂದೆ ಯಾರಾಗಿದ್ದೆ ಎಂಬುದು. ರಾಜದಂಡನೆಯನ್ನನುಭವಿಸಿದವನು ನಿರ್ಮಲನಾಗುವನೆಂದು ಮನುವು ಎಂಟನೆಯ ಅಧ್ಯಾಯದಲ್ಲಿ ಹೇಳುವನು. ಒಂಬತ್ತನೆಯದರಲ್ಲಿ ಮಹಾಪಾತಕಿಗಳ ಹಣೆಗೆ ಬರೆಯಿಡುವ ಕ್ರೂರವಿಧಿಯಿದ್ದರೂ, ಪ್ರಾಯಶ್ಚಿತ್ತ ಮಾಡಿಕೊಂಡವರಿಗೆ ಅದು ಸಲ್ಲದು. ಫ್ರಾನ್ಸಿನ ಕಾಗದವೋ, ಋಣ ತೀರಿಸಿದವನ ಹಣೆಗೇ ಬರೆಯಿಟ್ಟಿತು.

ಹ್ಯೂಗೋವಿಗೆ ಕಾಗದದ ಮಹಿಮೆಯು ಸ್ವಾನುಭವಸಿದ್ಧ. 1851ರ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ನನು ಅಧಿಕಾರವನ್ನಪಹರಿಸಿದಾಗ, ಅವನನ್ನೆದುರಿಸಿದ ಈ ಕವಿಯು ಅಚ್ಚುಕೂಟದ ಅಕ್ಷರಜೋಡಕನಾದ ಲಾನ್ವಿನ್ ಎಂಬವನ ರಹದಾರಿಯಿಂದ ಬೆಲ್ಜಿಯಮಿನ ಗಡಿಯನ್ನು ದಾಟಿದನು. ಈ ಗ್ರಂಥವನ್ನು ದೇಶಭ್ರಷ್ಟನಾಗಿಯೇ ಮುಗಿಸಿದನು. ಪರರ ಹೆಸರಿನ ಆಶ್ರಯವೂ ಅದರ ಭಾರವೂ ಇಷ್ಟು ಸಹಜವಾಗಿ ಮೂಡಿರುವುದಕ್ಕೆ ಈ ಅನುಭವವೂ ನೆರವಾಗಿರಬೇಕು.

ವಾಟರ್ಲೂ ಯುದ್ಧ, ಪ್ಯಾರಿಸಿನ ಚರಂಡಿಗಳ ಇತಿಹಾಸ ಮುಂತಾದ ಅತಿವಿಸ್ತಾರಗಳು ಗ್ರಂಥದ ದೋಷಗಳೇ. ಆದರೂ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಹೊರದೇಶವನ್ನು ಹೊಗುವವರು ಹಿಂದಣ ಶಿಕ್ಷೆಗಳನ್ನು ತಿಳಿಸಬೇಕೆಂದು ಇಂದಿಗೂ ಹಲವು ರಾಜ್ಯಗಳು ಕೇಳುವವು. ಪ್ರಜಾರಕ್ಷಣೆಗಾಗಿ ಹಾಗೆ ಕೇಳುವುದನ್ನು ನಾವು ತಪ್ಪೆನ್ನಲಾರೆವು. ಆದರೆ ಕೆನಡಾ ದೇಶದಲ್ಲಿ, ಶಿಕ್ಷೆ ಮುಗಿದ 5 ವರ್ಷಗಳ ಮೇಲೆ ತಾನು ತಿದ್ದಿಕೊಂಡಿರುವೆನೆಂದು ಅರ್ಜಿ ಸಲ್ಲಿಸಲು ಅವಕಾಶವುಂಟು. ವಾಲ್ಜೀನನಿಗೆ ಬೇಕಾಗಿದ್ದುದು ಅಂತಹದೊಂದು ಬಾಗಿಲು. ಸಹೃದಯರು ಈ ಕೃತಿಯನ್ನು ಮತ್ತೊಮ್ಮೆ ತೆರೆದಾಗ ಬೆಳ್ಳಿಯ ದೀಪಗಳೊಡನೆ ಆ ಹಳದಿಯ ಕಾಗದವನ್ನೂ ಪರಾಂಬರಿಸಬೇಕೆಂದು ಕೋರುತ್ತೇವೆ.