ಕನ್ನಡ ಕರಾವಳಿಯ ಒಬ್ಬ ಬಿಷಪರು ಮತ್ತು ಅವರ ಚರಿತ್ರಕಾರರು

ಪಂಚಲಿಂಗೇಶ್ವರನ ನೆಲೆಯಾದ ವಿಟ್ಲದಿಂದ ಪಡುವಣಕ್ಕೆ ಹೊರಟ ಪಯಣಿಗನಿಗೆ ಮುಡಿಪಿನ ಗುಡ್ಡ ಬಹಳ ದೂರವೇನಲ್ಲ. ಅಲ್ಲಿ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರವಿದೆ. ಕೊಲ್ಲುವ ಹಂಚಿಕೆ ಹೂಡಿ ಇರುಳಿನಲ್ಲಿ ಅವರನ್ನು ಆ ಗುಡ್ಡಕ್ಕೆ ಕರೆದೊಯ್ದವರು ಅಲ್ಲಿ ದಿವ್ಯ ಪ್ರಕಾಶವನ್ನು ಕಂಡು ಬೆದರಿದರೆಂಬ ಐತಿಹ್ಯವನ್ನು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ವಾಜರನ್ನು ಸಂತರೆಂದು ಘೋಷಿಸಿದರು. ಅದೇ ಕಾಲದಲ್ಲಿ, ಅದೇ ನಾಡಿನಲ್ಲಿ ಬಾಳಿ, 1684ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯ ಮಣ್ಣು ಸೇರಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರ ಹೆಸರನ್ನು ಬಲ್ಲವರೆಷ್ಟು ಮಂದಿ? ಈ ಮರೆವಿಗೆ ಕಾಲವೊಂದೇ ಕಾರಣವಲ್ಲ, ಚರಿತ್ರೆ ಬರೆದ ಕೈಗಳೂ ಕಾರಣ ಎಂಬುದು ನಮ್ಮ ಅಭಿಪ್ರಾಯ. ವಾಚಕರು ಸಾವಧಾನದಿಂದ ಪರಿಶೀಲಿಸಬೇಕು.

ಮೊದಲು ಕಾಲದ ಸ್ವರೂಪವನ್ನು ತಿಳಿಯಬೇಕು. ಲೂಥರನ ಪ್ರತಿಭಟನೆಯಿಂದ ಯುರೋಪಿನ ಅರ್ಧ ಭಾಗ ಕೈತಪ್ಪಿದಾಗ ರೋಮಿನ ಧರ್ಮಸಭೆ ತನ್ನ ಮನೆಯನ್ನು ತಾನೇ ತಿದ್ದಿಕೊಳ್ಳಲು ತೊಡಗಿತು. ಟ್ರೆಂಟ್ ನಗರದ ಮಹಾಸಭೆ 1545ರಿಂದ 1563ರವರೆಗೆ ಬಿಟ್ಟುಬಿಟ್ಟು ನಡೆದು, ಬಿಷಪರು ತಮ್ಮ ತಮ್ಮ ಪ್ರಾಂತದಲ್ಲಿಯೇ ನೆಲೆಸಿರಬೇಕೆಂದು ಕಟ್ಟಪ್ಪಣೆ ಮಾಡಿತು. ಚರಿತ್ರಕಾರರು ಇದನ್ನು ಪ್ರತಿಸುಧಾರಣೆ ಎನ್ನುತ್ತಾರೆ. ಆದರೆ ಪೂರ್ವದೇಶಗಳಲ್ಲಿ ಬಿಷಪರನ್ನು ಸೂಚಿಸುವ, ಇಗರ್ಜಿಗಳನ್ನು ಸಲಹುವ ಹಕ್ಕು ಹಿಂದಿನಿಂದಲೂ ಪೋರ್ತುಗಲ್ಲಿನ ಅರಸನದಾಗಿತ್ತು. ಅದಕ್ಕೆ ಪಾದ್ರೊವಾದೊ ಎಂದು ಹೆಸರು. ಪ್ರಚಾರಕಾರ್ಯವನ್ನು ತಾನೇ ನಡೆಸಲೆಂದು ರೋಮ್ 1622ರಲ್ಲಿ ಪ್ರೊಪಗಾಂಡ ಎಂಬ ಪೀಠವನ್ನು ಸ್ಥಾಪಿಸಿದಂದಿನಿಂದ ಎರಡು ಅಧಿಕಾರಗಳು ಒಂದೇ ಹೊಲದಲ್ಲಿ ನೇಗಿಲು ಹೂಡಿದಂತಾಯಿತು. 1640ರಲ್ಲಿ ಪೋರ್ತುಗಲ್ ಸ್ಪೇನಿನಿಂದ ಬಿಡಿಸಿಕೊಂಡ ಮೇಲೆ 1668ರವರೆಗೆ ರೋಮ್ ಅದರ ಅರಸನಿಗೆ ಮನ್ನಣೆ ಕೊಡಲಿಲ್ಲ. ಅವನು ಸೂಚಿಸಿದ ಬಿಷಪರಿಗೆ ಒಪ್ಪಿಗೆಯೂ ದೊರೆಯದೆ ಪೀಠಗಳು ಬರಿದಾಗಿ ಬಿದ್ದುವು.

ಕಾಸ್ತ್ರೊ ಮನೆತನ ಈ ಬಿರುಕಿನಲ್ಲಿಯೇ ಬೆಳೆಯಿತು. ಗೋವೆಯ ದಿವಾಡಿ ದ್ವೀಪದಲ್ಲಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಮಾತೆವುಸ್ ದೆ ಕಾಸ್ತ್ರೊ ತಮ್ಮೂರಿನಲ್ಲಿ ಗುರುದೀಕ್ಷೆ ದೊರೆಯದೆ ರೋಮಿಗೆ ಹೋದರು. ಅಲ್ಲಿ ದೀಕ್ಷೆ ಪಡೆದು 1637ರಲ್ಲಿ ಬಿಷಪರಾಗಿ ಬಿಜಾಪುರದ ಆದಿಲಶಾಹಿ ನಾಡಿಗೆ ನಿಯುಕ್ತರಾದರು. ಅವರ ಸೋದರ ಸಂಬಂಧಿಯೇ ತೋಮಸರು. ಪ್ರತಿಸುಧಾರಣೆಯ ಮೊದಲ ಫಲಗಳಲ್ಲೊಂದಾದ, 1524ರಲ್ಲಿ ಹುಟ್ಟಿದ ತಿಯಾತಿನ್ ಸಂಘಕ್ಕೆ ಸೇರಿ, ರೋಮಿನ ಆಜ್ಞಾಪತ್ರದೊಡನೆ 1670ರ ದಶಕದಲ್ಲಿ ಅವರು ಕನ್ನಡ ಜಿಲ್ಲೆಗೆ ಬಂದರು.

ಗೋವೆಯ ಧರ್ಮಾಧಿಕಾರಿಗಳಿಗೆ ಇದು ಅತಿಕ್ರಮಣವಾಗಿ ತೋರಿತು. 1681ರಲ್ಲಿ ಅವರು ಕಳುಹಿದವರೇ ತರುಣ ಜೋಸೆಫ್ ವಾಜರು. ಇದನ್ನು ಬರಿಯ ಅಧಿಕಾರದ ಜಗಳವೆಂದು ವಾಚಕರು ಎಣಿಸಬಾರದು. ಪ್ರದೇಶದ ಅಧಿಕೃತ ಪಾದ್ರಿ ಹಾಗೂ ಇಬ್ಬರು ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ನಡೆಯದ ವಿವಾಹ ವಿವಾಹವೇ ಅಲ್ಲವೆಂದು ಟ್ರೆಂಟ್ ಸಭೆ ವಿಧಿಸಿತ್ತು. ಹಾಗಾದರೆ ಅಧಿಕೃತ ಪಾದ್ರಿ ಯಾರು? ಬಿಷಪರು ನೇಮಿಸಿದವನೋ, ಗೋವೆ ನೇಮಿಸಿದವನೋ? ಗೋವೆಯಿಂದ ಬಂದು ಗದ್ದೆ ಸಾಗುವಳಿ ಮಾಡಿಕೊಂಡಿದ್ದ ಬಡ ರೈತನಿಗೆ ತನ್ನ ಮಗಳ ಮದುವೆ ಸಿಂಧುವೋ ಅಸಿಂಧುವೋ ಎಂಬುದೇ ಸಂಶಯವಾಗುವ ಸ್ಥಿತಿ. ಸಾಯುವವನ ಪಾಪನಿವೇದನೆಗೂ ಇದೇ ಸಂಶಯ.

ವಾಜರ ಹಿರಿಮೆ ಇಲ್ಲಿದೆ. ಕಾದಾಡಲು ಕಳುಹಿಸಲ್ಪಟ್ಟವರು ಕಾದಾಡಲಿಲ್ಲ. ಬಿಷಪರನ್ನು ವಿನಯದಿಂದ ಕಂಡು, ರೋಮಿನ ತೀರ್ಮಾನ ಬರುವವರೆಗೆ ಅವರ ಅಧಿಕಾರವನ್ನು ತಮಗೆ ವಹಿಸಿಕೊಡುವಂತೆ ಒಪ್ಪಿಸಿದರು. ಜನರ ಮನಃಕ್ಲೇಶ ಹೀಗೆ ತಗ್ಗಿತು.

ಆದರೆ ಇದೇ ಪ್ರಸಂಗವನ್ನು ಹೇಳುವ ರೀತಿಯಲ್ಲಿ ನಮ್ಮ ಆಕ್ಷೇಪವಿದೆ. ವಾಜರ ವಿಸ್ತಾರವಾದ ಮೊದಲ ಜೀವನಚರಿತ್ರೆಯನ್ನು ಬರೆದ ಸೆಬಾಸ್ತಿಯಾಂವ್ ದು ರೇಗು, ವಾಜರು ರೂಪಿಸಿದ ಗೋವೆಯ ಓರೇಟರಿ ಸಂಘದವರೇ. ಗ್ರಂಥ 1745ರಲ್ಲಿ ಪೋರ್ತುಗಲ್ಲಿನ ರಾಜಧಾನಿಯಲ್ಲಿ ಅಚ್ಚಾಯಿತು. ಗುರುವಿನ ಚರಿತೆಯನ್ನು ಶಿಷ್ಯಪರಂಪರೆ ಬರೆಯುವಾಗ ಆಗುವುದೇನೆಂಬುದು ನಮ್ಮ ಪುರಾಣಕಾವ್ಯಗಳನ್ನು ಓದಿದ ವಾಚಕರಿಗೆ ಹೊಸದಲ್ಲ. ಸಂತನ ತಾಳ್ಮೆ ಬೆಳಗಬೇಕಾದರೆ ಎದುರಿಗೆ ಹಟವಾದಿಯೊಬ್ಬ ಬೇಕು. ಮುಂದಿನ ಕಥನಗಳಲ್ಲಿ ಕಾಸ್ತ್ರೊ ಅವರ ಪಾಲಿಗೆ ಬಂದದ್ದು ಈ ಪಾತ್ರ. ಒಪ್ಪಂದಕ್ಕೆ ಎರಡು ಕೈ ಬೇಕಲ್ಲವೆ? ರೋಮಿನ ಪತ್ರವನ್ನು ಕೈಯಲ್ಲಿ ಹಿಡಿದಿದ್ದ ವೃದ್ಧ ಬಿಷಪರು ತಮ್ಮ ಅಧಿಕಾರವನ್ನು ಎದುರುಪಕ್ಷದ ಮೂವತ್ತರ ಪಾದ್ರಿಗೆ ವಹಿಸಿಕೊಡಲು ಒಪ್ಪಿದರೆಂದರೆ ಅದೂ ತ್ಯಾಗವೇ. ಅದನ್ನು ವಾಜರ ಗೆಲುವಿನ ಲೆಕ್ಕಕ್ಕೆ ಜಮಾ ಮಾಡಿದ್ದು ಚರಿತ್ರೆಯ ನ್ಯಾಯವಲ್ಲ.

ಇದಕ್ಕೆ ವಿರುದ್ಧವಾದ ಅತಿರೇಕವೂ ಉಂಟು. ಕಾಸ್ತ್ರೊ ಮನೆತನದವರನ್ನು ಪರಂಗಿಗಳ ವಿರುದ್ಧ ಹೋರಾಡಿದ ದೇಶಭಕ್ತರೆಂದು ಬಣ್ಣಿಸುವ ಉತ್ಸಾಹಿಗಳು ಮಾತೆವುಸರು 1653ರಲ್ಲಿ ಬರೆದ ಹೊತ್ತಗೆಯ ಹೆಸರನ್ನೊಮ್ಮೆ ನೋಡಲಿ: ‘ಬ್ರಾಹ್ಮಣರ ಕನ್ನಡಿ’! ಬಿಳಿಯರ ದರ್ಪವನ್ನು ಖಂಡಿಸಿದ ಲೇಖನಿ ತನ್ನ ಜಾತಿಯ ಹೆಮ್ಮೆಯನ್ನು ಬಿಟ್ಟಿರಲಿಲ್ಲ. ಮತ ಬದಲಾದರೂ ಕುಲ ಬದಲಾಗದ ಈ ಸೋಜಿಗ, ಕುಲವನ್ನೇ ಅಲ್ಲಗಳೆದ ಶರಣರ ನಾಡಿನವರಾದ ನಮಗೂ ಚುಚ್ಚಬೇಕಾದ ಸಂಗತಿ.

ಇನ್ನು ನಮ್ಮವರ ತಪ್ಪು. ಮಿಲಾಗ್ರಿಸ್ ಇಗರ್ಜಿಯನ್ನು ಬಿಷಪ್ ಕಾಸ್ತ್ರೊ ಕಟ್ಟಿಸಿದ್ದು 1680ರಲ್ಲಿ; ನಿವೇಶನವನ್ನು ಕೊಟ್ಟವರು ವೀರಶೈವ ಅರಸುಮನೆತನದ ಕೆಳದಿಯ ಚೆನ್ನಮ್ಮಾಜಿ. 1689ರಲ್ಲಿ ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತ ಆ ತಾಯಿಯ ಧೈರ್ಯವನ್ನು ಹಾಡುವ ನಮ್ಮ ಲೇಖಕರು ಈ ದಾನವನ್ನು ಪರಮತ ಸಹಿಷ್ಣುತೆ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಔದಾರ್ಯವಿತ್ತು, ಸಂದೇಹವಿಲ್ಲ. ಆದರೆ 1678ರಲ್ಲಿ ಪೋರ್ತುಗೀಸರೊಡನೆ ಕೌಲು ಮಾಡಿಕೊಂಡು ತನ್ನ ನಾಡಿನಲ್ಲಿ ಇಗರ್ಜಿ ಕಟ್ಟಲು ಅವರಿಗೆ ಅನುಮತಿಯಿತ್ತವಳೂ ಇದೇ ರಾಣಿ. ಆ ಪೋರ್ತುಗೀಸರು ಒಪ್ಪದ ಬಿಷಪರಿಗೆ ನೆಲ ಕೊಟ್ಟವಳೂ ಇವಳೇ. ಗೋವೆಯ ಒಲೆ ಉರಿಯುತ್ತಿದ್ದುದು ಕನ್ನಡ ಕರಾವಳಿಯ ಅಕ್ಕಿಯಿಂದ. ಅಕ್ಕಿ ಬೆಳೆಯುವ ಪ್ರಜೆಗಳ ಗುರು ಗೋವೆಯ ವೈಸರಾಯನ ಅಂಕೆಯಲ್ಲಿಲ್ಲದಿರುವುದು ಕೆಳದಿಗೆ ಹಿತವೆಂದು ಆಕೆ ಕಂಡಿರಬೇಕೆಂಬುದು ನಮ್ಮ ಊಹೆ. ಊಹೆಯಷ್ಟೇ, ಆದರೆ ರಾಣಿಯ ಬುದ್ಧಿಯನ್ನು ಆಕೆಯ ಹೃದಯದಷ್ಟೇ ಗೌರವಿಸುವ ಊಹೆ.

ವಾಜರು 1684ರಲ್ಲಿ ಈ ನಾಡನ್ನು ಬಿಟ್ಟರು. ಮುಂದೆ ಸಿಂಹಳಕ್ಕೆ ಹೋಗಿ, ಕ್ಯಾಂಡಿಯ ಬೌದ್ಧ ಅರಸನ ಆಶ್ರಯದಲ್ಲಿ ದುಡಿದು 1711ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಕಾಸ್ತ್ರೊ ಕಟ್ಟಿಸಿದ ಇಗರ್ಜಿ 1784ರಲ್ಲಿ ಟೀಪುವಿನ ಆಜ್ಞೆಯಿಂದ ನೆಲಸಮವಾಗಿ, ಮುಂದೆ ಮತ್ತೆ ಎದ್ದಿತು. ಲ್ಯಾಟಿನ್, ಪೋರ್ತುಗೀಸ್ ಭಾಷೆಗಳ ಜತೆಗೆ ಕೆಳದಿಯ ಕಡತವನ್ನೂ ಓದಬಲ್ಲ ಕನ್ನಡಿಗನೊಬ್ಬ ಆ ಬಿಷಪರ ಚರಿತೆಯನ್ನು ಬರೆಯಬೇಕು. ಹಂಪನಕಟ್ಟೆಯ ಗದ್ದಲದ ನಡುವೆ ಇರುವ ಆ ಸಮಾಧಿಯಿಂದಲೇ ಅವನು ಆರಂಭಿಸಬಹುದು.